ಇಲಿಗಳಿಗೆ ಆಗದವನು

"ನಿಮ್ಮ ಕೋಟು ಬೇಕಿತ್ತು. ಒಗೆದಿದ್ದು ಬೇಡ, ಈಗ ಹಾಕ್ಕೊಂಡಿದೀರಲ್ಲ, ಅದೇ," ಎಂದಳು ಸಂಶೋಧಕಿ.

ಪ್ರಯೋಗಾಲಯದ ಪಶುವೈದ್ಯ ಕೈಯಲ್ಲಿದ್ದ ಇಲಿಯನ್ನು ಮೆಲ್ಲಗೆ ಪಂಜರಕ್ಕೆ ಬಿಟ್ಟು ಅವಳ ಮುಖ ನೋಡಿದ. ತಮಾಷೆಯಂತೆ ಕಾಣಲಿಲ್ಲ. ಅವನ ಕಿವಿ ಕೆಂಪಾಯಿತು. ಕೋಟು ಬಿಚ್ಚಿ ಕೊಟ್ಟ.

ಅವಳ ಕೆಲಸ ಲಿಥಿಯಂ ಲವಣದ್ದು. ಮನಸ್ಸಿನ ಏರುಪೇರಿಗೆ ಕೊಡುವ ಆ ಔಷಧಿ, ಒತ್ತಡಕ್ಕೆ ಸಿಕ್ಕ ಇಲಿಗಳ ಭಯವನ್ನು ಇಳಿಸುತ್ತದೆಯೇ ಎಂದು ನೋಡಬೇಕಿತ್ತು. ಅರ್ಧ ಇಲಿಗಳಿಗೆ ಲಿಥಿಯಂ ಬೆರೆಸಿದ ಆಹಾರ, ಉಳಿದವಕ್ಕೆ ಬರೀ ಆಹಾರ. ಇಳಿಸಿಯೇ ಇಳಿಸುತ್ತದೆ ಎಂದು ಅವಳಿಗೆ ಗಟ್ಟಿ ನಂಬಿಕೆ. ಇಲಿಗಳು ಮಾತ್ರ ಅವು ಇವು ಎನ್ನದೆ ಎಲ್ಲವೂ ಮೂಲೆ ಹಿಡಿದು ಮುದುಡಿ ಕೂರುತ್ತಿದ್ದವು. ಈ ತಿಂಗಳೂ ಹೀಗೇ ಆದರೆ ಪ್ರಯೋಗ ನಿಲ್ಲಿಸಿಬಿಡಿ ಎಂದು ಮೇಲಿನವರು ಹೇಳಿಯೂ ಆಗಿತ್ತು.

ಅವಳು ಕೋಟನ್ನು ಪರೀಕ್ಷೆಯ ಕೋಣೆಯಲ್ಲಿ ನೇತುಹಾಕಿದಳು. ದಿನವೂ ಪರೀಕ್ಷೆಯ ವೇಳೆ ಒಳಗಿರುತ್ತಿದ್ದ ವೈದ್ಯ ಅಂದು ಹೊರಗೇ ಇದ್ದರೂ ಇಲಿಗಳು ಮುದುಡಿದವು. ಮರುದಿನ ಕೋಟು ತೆಗೆದು, ಕೋಣೆಗೆ ಚೆನ್ನಾಗಿ ಗಾಳಿಯಾಡಿಸಿ, ಬೇರೆ ಇಲಿಗಳನ್ನು ಬಿಟ್ಟಳು. ಬರೀ ಆಹಾರ ತಿಂದವು ಗೋಡೆಗುಂಟ ಅಂಜುತ್ತಾ ಸುಳಿದವು. ಲಿಥಿಯಂ ತಿಂದವು ಮೀಸೆ ಅಲ್ಲಾಡಿಸುತ್ತಾ ನಟ್ಟನಡುವಿಗೆ ಬಂದವು.

"ಗಂಡಸರ ಮೈವಾಸನೆಗೆ ಇವು ಹೆದರ್ತವೆ," ಎಂದು ಅವನಿಗೆ ವಿವರಿಸಿದಳು. "ಆ ಹೆದರಿಕೆಯಲ್ಲಿ ಔಷಧಿ ಮಾಡ್ತಿದ್ದ ಕೆಲಸ ಕಾಣ್ತಾನೇ ಇರಲಿಲ್ಲ. ಇನ್ಮೇಲೆ ಪರೀಕ್ಷೆ ನಡೆಯೋವಾಗ ನೀವು ಒಳಗೆ ಬರಬೇಡಿ."

ಅವನ ಮುಖ ಸಪ್ಪಗಾಯಿತು. "ಹುಟ್ಟಿದಾಗಿಂದ ಅಂಗೈಲಿಟ್ಟು ನೋಡ್ಕೊಂಡಿದೀನಿ ಇವನ್ನ."

"ಬೇಜಾರಾಯ್ತಾ?"

"ಇಲಿಗಳ ಮೇಲಲ್ಲ. ಅವುಗಳ ನೆಪ ಹೇಳಿ ದಿನಾ ಇಲ್ಲಿಗೆ ಬರ್ತಿದ್ದೆ. ಇನ್ಮೇಲೆ ನೆಪ ಇಲ್ಲ, ಅಷ್ಟೆ," ಎಂದವನೇ ಹೊರಟುಹೋದ.

ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿದಳು. ಪ್ರತಿಸಲವೂ ಅದೇ ಫಲಿತಾಂಶ. ಮೇಲಿನವರು ಒಪ್ಪಿ ಬೆನ್ನು ತಟ್ಟಿದರು. ಖುಷಿಯ ಸುದ್ದಿ ಹೇಳಲು ಅವಳು ಪಕ್ಕಕ್ಕೆ ತಿರುಗಿದರೆ ಅಲ್ಲಿ ಯಾರೂ ಇರಲಿಲ್ಲ. ಆ ಖಾಲಿ ಜಾಗ ನೋಡುತ್ತಾ ನಿಂತವಳಿಗೆ ತನ್ನ ಮನಸ್ಸು ಸ್ಪಷ್ಟವಾಯಿತು. ಅವಳು ಸ್ಪಷ್ಟವಾದದ್ದನ್ನು ಮುಂದಕ್ಕೆ ಹಾಕುವವಳಲ್ಲ.

ಮನೆಗೊಂದು ಫೋನ್ ಮಾಡಿ, ನೇರ ಅವನ ಕೋಣೆಗೆ ಹೋದಳು.

"ಎದುರಿಗೆ ಸಿಕ್ಕರೂ ಗೋಡೆ ನೋಡ್ಕೊಂಡು ಹೋಗ್ತೀರಲ್ಲ?"

"ಬರಬೇಡಿ ಅಂದಿದ್ದು ನೀವು."

"ಅದು ಇಲಿಗಳ ಪರವಾಗಿ ಅಂದಿದ್ದು. ನನ್ನ ಪರವಾಗಿ ನಾನಿನ್ನೂ ಮಾತಾಡೇ ಇಲ್ಲ."

ಅವನು ಪೆನ್ನು ಕೆಳಗಿಟ್ಟ. "ಹಾಗಾದ್ರೆ ಮಾತಾಡಿ."

"ನೀವು ಬೇಕು ನನಗೆ." ಅವಳ ದನಿ ಅಲುಗಲಿಲ್ಲ. "ಭಾನುವಾರ ಮನೆಗೆ ಬನ್ನಿ. ಅಮ್ಮನಿಗೆ ಹೇಳಿದೀನಿ."

"ಏನಂತ?"

"ಅಳಿಯನ್ನ ಕರೀತಿದೀನಿ ಅಂತ."

"ನನ್ನ ಒಂದು ಮಾತೂ ಕೇಳದೆ?"

"ಈಗ ಕೇಳ್ತಿದೀನಲ್ಲ."

ಅವನ ತುಟಿಯಂಚಿನಲ್ಲಿ ತಡೆದಿಟ್ಟಿದ್ದ ನಗು ಕಣ್ಣಿಗೆ ಹಬ್ಬಿತು. ಕುರ್ಚಿ ಸರಿಸಿ ಎದ್ದು ಅವಳ ಹತ್ತಿರ, ತೀರಾ ಹತ್ತಿರ ಬಂದು ನಿಂತ.

"ಎಷ್ಟು ಹೊತ್ತಿಗೆ ಬರಲಿ?" ಎಂದ.