ಕ್ಲಿಕ್ಕಮ್ಮ ಕೂತಿದ್ದ ಮೂಲೆ

"ಪಕ್ಕಕ್ಕೆ ಸರೀರೀ...!"

ಯಾರೋ ಕೂಗಿದ್ದು ಅವಳಿಗೆ ಕೇಳಿಸಿತು. ಆದರೆ ಸರಿಯುವಷ್ಟು ಪುರುಸೊತ್ತು ಎಲ್ಲಿತ್ತು? ತೊಂಬತ್ತು ಕೆಜಿಯ ಕುಸ್ತಿಪಟು ಮ್ಯಾಟಿನ ಅಂಚು ದಾಟಿ, ಕ್ಯಾಮೆರಾ ಹಿಡಿದು ಕೂತಿದ್ದ ಅವಳ ಮೇಲೆ ಧೊಪ್ಪೆಂದು ಬಿದ್ದೇಬಿಟ್ಟ!

"ಅಯ್ಯೋ, ಏಟಾಯ್ತಾ?" ಅವನು ಗಾಬರಿಯಿಂದ ಏಳುತ್ತಾ ಕೇಳಿದ.

"ಏಟು ಆಮೇಲೆ ನೋಡ್ಕೊಳ್ತೀನಿ. ಹಾಗೇ ಇರಿ... ಅಲ್ಲಾಡಬೇಡಿ!" ಎಂದವಳೇ ಬಿದ್ದಲ್ಲಿಂದಲೇ ಕ್ಲಿಕ್ಕಿಸಿದಳು.

ಅವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಮ್ಯಾಟಿಗೆ ಮರಳಿದ, ನಗುತ್ತಲೇ ಸೋತ. ಮಾರನೆಯ ದಿನ ಪತ್ರಿಕೆಯಲ್ಲಿ ಗೆದ್ದವನ ಫೋಟೋ ಬರಲಿಲ್ಲ, ಸೋತವನ ನಗು ಬಂತು!

ಜೊತೆಯವರು ಅವನನ್ನು 'ಬಂಡೆ' ಎನ್ನುತ್ತಿದ್ದರು. ಅವಳಿಗೆ 'ಕ್ಲಿಕ್ಕಮ್ಮ' ಎಂದು ಹೆಸರಿಟ್ಟವನು ಅವನೇ. ಮ್ಯಾಟಿಗೆ ಉಜ್ಜಿ ಉಜ್ಜಿ ಅವನ ಎಡಗಿವಿ ಊದಿ ಗಟ್ಟಿಯಾಗಿತ್ತು. ಆ ಕಡೆ ಅರೆಬರೆ ಕೇಳಿಸುತ್ತಿತ್ತು. ಯಾರಾದರೂ ಅದನ್ನು ಆಡಿಕೊಂಡರೆ ಎಲ್ಲರಿಗಿಂತ ಮೊದಲು ಅವನೇ ನಗುತ್ತಿದ್ದ. ಆ ನಗುವಿನ ಹಿಂದಿನ ನೋವು ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ.

ಎರಡು ವರ್ಷ ಅವನ ಒಂದು ಪಂದ್ಯವನ್ನೂ ಅವಳು ಬಿಡಲಿಲ್ಲ. ಪ್ರೀತಿ ಯಾವಾಗ ಹುಟ್ಟಿತೆಂದು ಕೇಳಿದರೆ ಇಬ್ಬರಿಗೂ ಗೊತ್ತಿಲ್ಲ! ಅವಳ ಕುಸ್ತಿ ಫೋಟೋಗಳ ಪ್ರದರ್ಶನ ಮುಗಿದ ಮೇಲೆ ಮನೆಯವರ ಹತ್ತಿರ ಮದುವೆಯ ಮಾತೆತ್ತುವುದೆಂದು ತೀರ್ಮಾನವಾಗಿತ್ತು.

ಪ್ರದರ್ಶನದ ದಿನ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ತನ್ನ ಮೂವತ್ತೊಂದು ಫೋಟೋಗಳ ಮುಂದೆಯೂ ನಿಂತು ನಿಂತು ನೋಡಿದ. ಕೊನೆಯದರ ಮುಂದೆ ಮುಖ ಕಪ್ಪಿಟ್ಟಿತು. ಒಂದು ಮಾತೂ ಆಡದೆ ಹೊರಟುಹೋದ.

ಆಮೇಲೆ ಫೋನ್ ಎತ್ತಲಿಲ್ಲ...

'ನಾನೇನು ತಪ್ಪು ಮಾಡಿದೆ?' ಅವಳು ಅತ್ತಳು. ಆಮೇಲೆ ಸಿಟ್ಟು ಬಂತು. 'ಹೋಗೋನು ಹೋಗ್ಲಿ. ಕಾಲು ಹಿಡಿಯೋಕೆ ನಾನೇನು ಕುಸ್ತಿ ಆಡ್ತಿದ್ದೀನಾ?'

ಅಷ್ಟರಲ್ಲಿ ಪತ್ರಿಕೆಯವರೂ ಫೋಟೋಗ್ರಾಫರುಗಳನ್ನು ಕೈಬಿಟ್ಟರು. ಗಾಯದ ಮೇಲೆ ಬರೆ! ಆದರೆ ಅಳುತ್ತಾ ಕೂತರೆ ಹೊಟ್ಟೆ ತುಂಬೀತೇ?

ಮನೆಮನೆಗೆ ಹೋಗಿ ವ್ಯಾಕ್ಯೂಮ್ ಕ್ಲೀನರ್ ಮಾರಲು ನಿಂತಳು. ಮೊದಲ ತಿಂಗಳು ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿದವರೇ ಹೆಚ್ಚು. ಎರಡನೆಯ ತಿಂಗಳು ಒಂದು ಗುಟ್ಟು ಹಿಡಿದಳು. ಮಾತಾಡುವ ಮೊದಲು ನೋಡಬೇಕು! ಯಾರ ಸೋಫಾ ಮೇಲೆ ನಾಯಿಯ ಕೂದಲಿದೆ, ಯಾರಿಗೆ ಮಂಡಿ ಬಗ್ಗುವುದಿಲ್ಲ... ನೋಡುವುದು ಅವಳಿಗೆ ಮೊದಲೇ ಒಲಿದಿದ್ದ ವಿದ್ಯೆ.

ಅಲ್ಲಿಂದ ಕ್ರೀಡಾ ಸಾಮಗ್ರಿ ಕಂಪನಿಯ ಸೇಲ್ಸ್‌ಗೆ ಬಂದಳು. ಎಲ್ಲವೂ ಮಾರಾಟವಾಗುತ್ತಿತ್ತು, ಕುಸ್ತಿಯಲ್ಲಿ ಕಿವಿ ಕಾಯುವ ಇಯರ್ ಗಾರ್ಡ್ ಒಂದನ್ನು ಬಿಟ್ಟು. "ಹಾಕ್ಕೊಂಡ್ರೆ ಕೋಚ್ ಕೂಗೋದೇ ಕೇಳಿಸಲ್ಲ ಮೇಡಂ," ಎನ್ನುತ್ತಿದ್ದರು ಕುಸ್ತಿಪಟುಗಳು. ಆ ಮಾತು ಅವಳ ತಲೆಯಲ್ಲಿ ಹುಳ ಬಿಟ್ಟಿತು.

ಕೆಲಸ ಬಿಟ್ಟಳು! ಲಾಂಡ್ರಿಯ ಮೇಲಿನ ಒಂದು ಕೋಣೆ, ಎರಡು ಹೊಲಿಗೆ ಯಂತ್ರ, ಜೊತೆಗೆ ಸೋದರತ್ತೆ. ಹನ್ನೊಂದು ಮಾದರಿಗಳು ಕಸದ ಬುಟ್ಟಿ ಸೇರಿದವು. ಹನ್ನೆರಡನೆಯದರಲ್ಲಿ ಕಿವಿಗೆ ಪೆಟ್ಟು ಬೀಳುತ್ತಿರಲಿಲ್ಲ, ಮಾತೂ ಕೇಳಿಸುತ್ತಿತ್ತು.

ಅದನ್ನು ಹಿಡಿದು ಅತಿ ದೊಡ್ಡ ತರಬೇತಿ ಕೇಂದ್ರಕ್ಕೆ ಹೋದಳು. ಅಲ್ಲಿ ಒಪ್ಪಿದರೆ ಎಲ್ಲ ಕಡೆಯೂ ಒಪ್ಪುತ್ತಾರೆ. ಅಲ್ಲಿ ಬೇಡವೆಂದರೆ ಆರು ವರ್ಷದ ಬೆವರು ನೀರುಪಾಲು.

ಹೊಸ ಮುಖ್ಯ ಕೋಚ್ ತಲೆಯೆತ್ತಿದ.

ಅವನು! ಬಂಡೆ!

ಬಾಗಿಲಿಂದಲೇ ಹಿಂದಿರುಗಿಬಿಡೋಣ ಎನಿಸಿತು. ಆದರೂ ಅವಳು ಮಾದರಿಯನ್ನು ಮೇಜಿನ ಮೇಲಿಟ್ಟಳು. "ಕಿವಿಯ ರಕ್ಷಣೆಗೆ ಅಂತ ಮಾಡಿದ್ದು..."

ಅವನು ಅದನ್ನು ಮುಟ್ಟಲೂ ಇಲ್ಲ. "ಕಿವಿ ಮರೆಮಾಡೋದು ನಿಮಗೆ ಹೊಸದೇನಲ್ವಲ್ಲ. ಬೇಡ. ತಗೊಂಡು ಹೋಗಿ."

ಏನು ಮಾತಿದು? ದಾರಿಯುದ್ದಕ್ಕೂ ಯೋಚಿಸಿದರೂ ಅವಳಿಗೆ ಅರ್ಥವಾಗಲಿಲ್ಲ. ಸಂಜೆ ಹಳೆಯ ಆಲ್ಬಮ್ ತೆರೆದು ಕೂತಳು. ಸೋದರತ್ತೆ ಸೂಜಿಗೆ ದಾರ ಪೋಣಿಸುತ್ತಾ ಬಗ್ಗಿ ನೋಡಿದಳು.

"ಅಲ್ವೇ, ಎಲ್ಲಾ ಒಂದೇ ಕಡೆಯಿಂದ ತೆಗೆದಿದ್ದೀಯಲ್ಲ? ಈ ಮಹಾರಾಯನಿಗೆ ಇನ್ನೊಂದು ಕಿವಿ ಇಲ್ವಾ?"

ಅವಳು ಪುಟ ಮಗುಚಿ ಮಗುಚಿ ನೋಡಿದಳು.

ಮೂವತ್ತೊಂದು ಫೋಟೋ. ಮೂವತ್ತೊಂದರಲ್ಲೂ ಬಲಗಡೆ. ಎಡಗಿವಿ ಒಂದರಲ್ಲೂ ಇಲ್ಲ!

'ಅಯ್ಯೋ ದೇವರೇ... ಅವನ ಕಿವಿ ಕಂಡ್ರೆ ನನಗೆ ನಾಚಿಕೆ ಅಂದ್ಕೊಂಡನಾ?'

"ಬಾಯಿಬಿಟ್ಟು ಕೇಳಬಾರದಿತ್ತಾ ಅತ್ತೆ?" ಅವಳು ಆಲ್ಬಮ್ ಮುಚ್ಚಿದಳು.

"ಅವನು ಕೇಳಲಿಲ್ಲ, ಸರಿ. ನೀನು ಕೇಳಿದ್ಯಾ?"

ಇಲ್ಲ... ಗುರುತಿಲ್ಲದವರ ಸಾವಿರ ಬಾಗಿಲು ತಟ್ಟಿದವಳು, ಅವನ ಒಂದು ಬಾಗಿಲು ತಟ್ಟಿರಲಿಲ್ಲ.

ಬೆಳಗ್ಗೆ ಏಳಕ್ಕೇ ಅವಳು ತರಬೇತಿ ಕೇಂದ್ರದಲ್ಲಿದ್ದಳು.

"ನಿನ್ನೆಯೇ ಬೇಡ ಅಂದೆನಲ್ಲ?" ಎಂದ ಅವನು.

"ಸೇಲ್ಸ್‌ನಲ್ಲಿ ಮೊದಲನೇ 'ಬೇಡ' ಲೆಕ್ಕಕ್ಕಿಲ್ಲ. ಒಂದೇ ಪ್ರಶ್ನೆ. ಪಂದ್ಯದಲ್ಲಿ ಬೇರೆ ಫೋಟೋಗ್ರಾಫರುಗಳೆಲ್ಲ ಎಲ್ಲಿ ಕೂರ್ತಿದ್ರು?"

"ಎದುರು ಮೂಲೆಯಲ್ಲಿ. ಅಲ್ಲಿ ಬೆಳಕು ಚೆನ್ನಾಗಿತ್ತು."

"ನಾನು?"

"ನಮ್ಮ ಮೂಲೆಯಲ್ಲಿ, ನನಗೆ ಕುಸ್ತಿ ಕಲಿಸಿದ ಗುರುಗಳ ಕಾಲಬುಡದಲ್ಲಿ."

"ಯಾಕೆ?"

ಅವನ ದವಡೆ ಬಿಗಿಯಿತು. "ಈ ಕಿವಿ ಕಾಣಬಾರದು ಅಂತ. ಇನ್ಯಾಕೆ?"

"ದಡ್ಡ! ಶುದ್ಧ ದಡ್ಡ!" ಅವಳ ಕಣ್ಣು ತುಂಬಿ ಬಂತು. "ಗುರುಗಳು ಕೂಗಿದಾಗಲೆಲ್ಲ ಕೇಳಿಸ್ಕೊಳ್ಳೋಕೆ ನೀನು ಬಲಗಿವಿ ತಿರುಗಿಸ್ತಿದ್ದೆ. ಪಂದ್ಯಕ್ಕೆ ಹತ್ತು ಸಲ, ಹದಿನೈದು ಸಲ. ಆಗ ನಿನ್ನ ಓರೆಗಣ್ಣು ಬೀಳ್ತಿದ್ದದ್ದು ಅವರ ಕಾಲಬುಡದಲ್ಲಿ ಕೂತ ನನ್ನ ಮೇಲೆ! ಆ ಒಂದು ನೋಟಕ್ಕೆ ಕೂರ್ತಿದ್ದೆ ಕಣೋ. ಫೋಟೋ ಕತ್ತಲೆ ಅಂತ ಸಂಪಾದಕರ ಹತ್ರ ಬೈಸ್ಕೊಂಡ್ರೂ ಅಲ್ಲೇ ಕೂರ್ತಿದ್ದೆ!"

ಅವನ ಕೈ ತಾನಾಗಿ ಎಡಗಿವಿ ಮುಟ್ಟಿತು.

"ನಾನು... ಆರು ವರ್ಷ... ನನ್ನ..."

"ಕ್ಷಮೆ ಆಮೇಲೆ ಕೇಳು. ಮೊದಲು ಇದನ್ನ ಹಾಕ್ಕೋ." ಅವಳು ಗಾರ್ಡನ್ನು ಮುಂದೆ ಹಿಡಿದಳು. "ಆ ಮೂಲೆಯಲ್ಲಿ ಕೂತು ನೋಡಿದ್ದಕ್ಕೇ ಇದು ಹುಟ್ಟಿದ್ದು. ಇಷ್ಟವಾದ್ರೆ ತಗೋ, ಇಲ್ದಿದ್ರೆ ಬೇಡ ಅನ್ನು. ನನ್ನ ಮುಖ ನೋಡಿ ಮಾತ್ರ ತಗೋಬೇಡ."

ಅವನು ಗಾರ್ಡ್ ತೊಟ್ಟು ಮ್ಯಾಟಿನ ನಡುವೆ ಬೆನ್ನು ತಿರುಗಿಸಿ ನಿಂತ. ಸುತ್ತ ಶಿಷ್ಯರ ಅಭ್ಯಾಸದ ಗದ್ದಲ ನಡೆದೇ ಇತ್ತು. ಅವಳು ಮೂಲೆಗೆ ಹೋದಳು.

"ಎಡಗಾಲು ಹಿಂದಕ್ಕೆ!"

ಕಾಲು ಹಿಂದೆ ಸರಿಯಿತು.

"ಸೊಂಟ ತಗ್ಗಿಸು!"

ತಗ್ಗಿತು.

ಅವಳು ಒಮ್ಮೆ ಉಸಿರೆಳೆದುಕೊಂಡಳು. ದನಿ ತಾನಾಗಿಯೇ ಇಳಿಯಿತು. "ನಾನು ಇನ್ನೂ ನಿನ್ನನ್ನ ಪ್ರೀತಿಸ್ತೀನಿ..."

ಅವನು ನಿಂತಲ್ಲೇ ನಿಂತ.

"ಕೇಳಿಸ್ಲಿಲ್ಲ," ಎಂದ ತಿರುಗದೆಯೇ. "ಇನ್ನೊಂದ್ಸಲ ಹೇಳು."

"ಹಾಗಾದ್ರೆ ಗಾರ್ಡ್ ಫೇಲ್. ಕೊಡು ಇಲ್ಲಿ."

"ಅಯ್ಯೋ, ಕೇಳಿಸ್ತು ಕಣೇ! ಒಂದಕ್ಷರ ಬಿಡದೆ ಕೇಳಿಸ್ತು!" ಅವನು ತಿರುಗಿದಾಗ ಕಣ್ಣೆರಡೂ ಒದ್ದೆಯಾಗಿದ್ದವು. "ಇಲ್ಲಿರೋ ಅರವತ್ತು ಜನಕ್ಕೂ ಇದು ಬೇಕು. ನನ್ನ ಕಿವಿ ಹಾಗೆ ಇವರದ್ದು ಆಗಬಾರದು. ಇದು ಕೋಚ್ ಮಾತು. ಇನ್ನು ನನ್ನ ಮಾತು... ನನ್ನನ್ನ ಕ್ಷಮಿಸ್ತೀಯಾ ಕ್ಲಿಕ್ಕಮ್ಮ?"

ಅವಳು ಮಾದರಿಗಳ ಚೀಲದ ತಳದಿಂದ ಹಳೆಯ ಕ್ಯಾಮೆರಾ ತೆಗೆದಳು. ನಡೆದು ಹೋಗಿ ಅವನ ಎಡಗಡೆ ನಿಂತಳು.

ಅವನು ಗಾರ್ಡ್ ಬಿಚ್ಚಿದ. ಅಭ್ಯಾಸಬಲದಿಂದ ಕೈ ಕಿವಿ ಮುಚ್ಚಲು ಮೇಲೇರಿತು. "ಈ ಕಡೆಯಿಂದ ಕಿವಿ ಕಾಣುತ್ತಲ್ಲೇ..."

"ಕಾಣ್ಲಿ. ಜೀವಮಾನವಿಡೀ ನೋಡಬೇಕಾಗಿರೋ ಕಿವಿ. ಹಾಗೇ ಇರು... ಅಲ್ಲಾಡಬೇಡ!"

"ಇನ್ನು ಎಲ್ಲಿಗೂ ಹೋಗಲ್ಲ ಕಣೇ," ಎಂದ ಬಂಡೆ.