ಕೊಡೆಯ ಮೊದಲಕ್ಷರ

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂದು ನನಗೇ ಅನುಮಾನ. ಪ್ರೇಮಕಥೆ ಬರೆಯುವವರಿಗೆ ಚಂದ್ರ, ಮಲ್ಲಿಗೆ ಎಲ್ಲ ಒದಗಿ ಬರುತ್ತವಂತೆ. ನನಗೆ ಒದಗಿದ್ದು ಒಂದು ಮರೆತ ಕೊಡೆ, ಮತ್ತೆ ಜಾವಾಸ್ಕ್ರಿಪ್ಟಿನ ಒಂದು ಸಾಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬಸ್ಸಿನಲ್ಲಿ ಜನ ಬಿಟ್ಟುಹೋದದ್ದೆಲ್ಲ ಬಂದು ಸೇರುವುದು ನಿಲ್ದಾಣದ ಮರೆತ ಸಾಮಾನಿನ ಕೋಣೆಗೆ. ಅಲ್ಲಿ ನನ್ನ ಕೆಲಸ. ಸಂಜೆ ಕ್ಲಾಸಿನಲ್ಲಿ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ಕಲಿತ ಹುಮ್ಮಸ್ಸಿನಲ್ಲಿ, ಮೊದಲಕ್ಷರ ಒತ್ತಿದರೆ ಸಾಮಾನು ತೋರಿಸುವ ಪ್ರೋಗ್ರಾಂ ಬರೆದಿದ್ದೆ. 'ಚ' ಒತ್ತಿದರೆ ಚಪ್ಪಲಿ, 'ಬ' ಒತ್ತಿದರೆ ಬಳೆ.

"ಈ ವಾರ ನೋಡ್ತೀನಿ," ಅಂದಿದ್ದರು ಸೂಪರ್‌ವೈಸರ್. "ಕೈ ಕೊಟ್ರೆ ಕಂಪ್ಯೂಟರ್ ಎತ್ತಿಸಿ, ನಿನ್ನನ್ನ ಊರಾಚೆ ಟಿಕೆಟ್ ಕೌಂಟರ್‌ಗೆ ಹಾಕ್ತೀನಿ."

ಸೋಮವಾರ ಬೀಗ ರಿಪೇರಿಯವರು ಬಂದರು. ರಸ್ತೆಯಾಚೆ ಅವರ ಅಂಗಡಿ.

"ಬಸ್ಸಲ್ಲಿ ಕೊಡೆ ಬಿಟ್ಟೆ ರೀ."

ಗತ್ತಿನಿಂದ 'ಕೊ' ಒತ್ತಿದೆ. ಏನೂ ಬರಲಿಲ್ಲ.

"ಇಲ್ಲ," ಅಂದೆ.

ಅವರು ನನ್ನ ಹೆಗಲಾಚೆ ನೋಡಿದರು. ಮೂಲೆಯಲ್ಲಿ ಕೊಡೆಗಳ ರಾಶಿ.

"ಹಾಗಾದ್ರೆ ಅವೆಲ್ಲ ಏನು, ಬಾವಲಿಗಳಾ?"

ನಗುವಾಗ ಅವರ ಎಡಗಣ್ಣು ಬಲಗಣ್ಣಿಗಿಂತ ತುಸು ಮೊದಲೇ ಕಿರಿದಾಗುತ್ತದೆ. ಅದನ್ನು ಗಮನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ರಾಶಿಯಿಂದ ತಮ್ಮ ಕೊಡೆಯನ್ನು ತಾವೇ ಆರಿಸಿಕೊಂಡು ಹೋದರು.

ಬುಧವಾರ ಮತ್ತೆ ಅವರು.

"ಮತ್ತೆ ಕೊಡೇನಾ?"

"ಮತ್ತೆ ಇಲ್ಲಾನಾ?"

ಮತ್ತೆ ಇಲ್ಲವೇ. ಚಪ್ಪಲಿಗೆ ಹೂಂ ಅನ್ನುವ ಯಂತ್ರ ಕೊಡೆಗೆ ಮಾತ್ರ ಮುಖ ತಿರುಗಿಸುತ್ತಿತ್ತು. ಪೂರ್ತಿ ಕೆಟ್ಟಿದ್ದರೆ ಸಹಿಸಬಹುದು. ಅರ್ಧ ಸರಿಯಿದ್ದು ಅರ್ಧ ಕೆಟ್ಟರೆ ತಲೆ ಚಚ್ಚಿಕೊಳ್ಳುವುದೊಂದೇ ಬಾಕಿ.

ಮನೆಯಲ್ಲಿ ಅಕ್ಕನಿಗೆ ಹೇಳಿದೆ.

"ಕೊಡೆ ಮರೆಯೋನು ನಾಳೆ ಹೆಂಡ್ತೀನೂ ಬಸ್ಸಲ್ಲೇ ಬಿಟ್ಟು ಇಳೀತಾನೆ," ಅಂದಳು.

"ನಾನೇನು ಅವರ ಹೆಂಡ್ತಿನಾ?"

"ನಿನ್ನ ಅಂದ್ನೇನೇ ನಾನು?"

ಶುಕ್ರವಾರ ಸೂಪರ್‌ವೈಸರ್ ಬಂದು ಕೈಕಟ್ಟಿ ನಿಂತೇಬಿಟ್ಟರು. ನನಗೆ ಬೆವರು. ಊರಾಚೆಯ ಕೌಂಟರಿನಿಂದ ಬೀಗದ ಅಂಗಡಿ ಕಾಣುವುದಿಲ್ಲ. ಆ ಯೋಚನೆ ಬಂದದ್ದೇ ಇನ್ನಷ್ಟು ಬೆವತೆ. ರೋಸಿಹೋಗಿ ಯಂತ್ರವನ್ನೇ ಕೇಳಿದೆ: 'ಕೊಡೆ'ಯ ಮೊದಲ ಅಕ್ಷರ ಯಾವುದು?

ಪರದೆಯ ಮೇಲೆ ಬಂತು: ಕ.

"ಕ ಅಂತೆ! ಬರೀ ಕ!" ಎಂದು ಮೇಜು ಗುದ್ದಿದೆ.

"ಯಾರಿಗೆ ರೀ ಬೈತಿದೀರಿ?" ಬೀಗದವರು ಕೌಂಟರಿನಲ್ಲಿದ್ದರು. ನನ್ನ ಕರ್ಮ.

"ಈ ದಡ್ಡಂಗೆ! ಇದಕ್ಕೆ ಕ ಬೇರೆ, ಅದರ ಒತ್ವ ಬೇರೆ. ಮೊದಲನೇ ಜಾಗ ನೋಡು ಅಂದ್ರೆ ಕ ಅಷ್ಟೇ ನೋಡತ್ತೆ. ನಾನು ಕೊ ಕೇಳ್ತೀನಿ, ಇಲ್ಲ ಅನ್ನತ್ತೆ!"

"ಅಂದ್ರೆ ಇದಕ್ಕೆ ಪಾತ್ರೇನೂ ಪ್ರೀತೀನೂ ಒಂದೇನಾ?"

"ಹೂಂ, ಎರಡೂ ಬರೀ ಪ," ಅಂದುಬಿಟ್ಟೆ. ಆಮೇಲೆ ಅವರು ಕೇಳಿದ್ದೇನೆಂದು ಹೊಳೆದು ಕಿವಿ ಬಿಸಿಯಾಯಿತು.

ಮೊದಲ ಜಾಗವೊಂದನ್ನೇ ನೋಡುವ ಆ ಸಾಲನ್ನು ಅಳಿಸಿ startsWith ಹಾಕಿದೆ. ಕೇಳಿದ ತುಂಡು ಎಷ್ಟೇ ಉದ್ದವಿರಲಿ, ಪದ ಅದರಿಂದ ಶುರುವಾಗುತ್ತದೆಯೇ ಎಂದು ಅದು ನೋಡುತ್ತದೆ. ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು, ಭಯದಲ್ಲಿ ಮರೆತಿದ್ದೆ. 'ಕೊ' ಒತ್ತಿದೆ. ಕೊಡೆಗಳೆಲ್ಲ ಸಾಲಾಗಿ ಬಂದು ನಿಂತವು.

"ಹೂಂ, ಇರಲಿ ಬಿಡು," ಅಂದು ಸೂಪರ್‌ವೈಸರ್ ಹೊರಟುಹೋದರು. ಅವರ ಬಾಯಲ್ಲಿ ಅದೇ ಹಾರ ತುರಾಯಿ.

ಬೀಗದವರು ಹೋಗಲಿಲ್ಲ. "ಇನ್ನೊಂದಿದೆ. 'ಮ' ಇಂದ ಶುರು."

"ಮಫ್ಲರ್ರಾ?"

"ಸಾಮಾನಲ್ಲ. ಮಾತು."

'ಮ'ದಿಂದ ಏನೇನು ಶುರುವಾಗುತ್ತದೆ! ಮದುವೆ. 'ಮನೇಲಿ ಹೆಂಡ್ತಿ ಇದ್ದಾಳೆ' ಎಂಬುದೂ.

"ಬೇಗ ಹೇಳ್ರೀ, ಹಿಂದೆ ಜನ ಇದ್ದಾರೆ," ಎಂದು ಸಿಡುಕಿದೆ. ಹಿಂದೆ ಯಾರೂ ಇರಲಿಲ್ಲ.

ಅವರೂ ತಿರುಗಿ ನೋಡಿದರು. ಎಡಗಣ್ಣು ಮೊದಲು ಕಿರಿದಾಯಿತು.

"ಮತ್ತೆ ನಾಳೆ ಬರ್ಲಾ? ಏನೂ ಮರೀದೆ?"

ಮೇಜಿನ ಮೇಲಿನ ಪೆನ್ನುಗಳನ್ನು ಜೋಡಿಸಿದೆ. ಆಮೇಲೆ ಕೆಡಿಸಿದೆ.

"ನನ್ನ ಹತ್ರ 'ಬ' ಇಂದ ಒಂದಿದೆ," ಅಂದೆ.

"ಬೇಡ ಅಂತಾನಾ?"

"ಅದು 'ಬೇ' ರೀ! ಇಷ್ಟೊತ್ತು ನಾನು ಬಾಯಿ ಬಡ್ಕೊಂಡಿದ್ದೇನು? ಬನ್ನಿ ಅಂತ."

ಅಷ್ಟೇ. ಅವರು ಬರುತ್ತಿದ್ದಾರೆ. ಕೊಡೆಯನ್ನು ಈಗ ಬಸ್ಸಿನಲ್ಲಿ ಮರೆಯುವುದಿಲ್ಲ, ನನ್ನ ಕೌಂಟರಿನ ಮೇಲೆ ಮರೆಯುತ್ತಾರೆ. ನಾನೇ ರಸ್ತೆ ದಾಟಿ ಕೊಟ್ಟುಬರಬೇಕು. startsWith ಹೇಳುವುದು ಶುರುವಿನ ಸುದ್ದಿಯನ್ನಷ್ಟೇ, ಮುಂದಿನ ಅಕ್ಷರಗಳ ಗೊಡವೆ ಅದಕ್ಕಿಲ್ಲ. ಅವರ 'ಮ' ಎಲ್ಲಿಗೆ ಹೋಗಿ ಮುಗಿಯುತ್ತದೋ, ನನಗೂ ಗೊತ್ತಿಲ್ಲ.