ಪಂಪ್ ರೂಮಿನ ಹುಲಿ

"ಹಿಂದಕ್ಕ ಸರಿ, ದಾನಿ. ಒಳಗ ಹುಲಿ ಐತಿ," ಎಂದರು ವಾಚ್‌ಮನ್ ವೀರಭದ್ರಪ್ಪ.

ಹಾಗೆ ಹೇಳುವಾಗ ಅವರೇ ದಾನೇಶ್ವರಿಗಿಂತ ನಾಲ್ಕು ಹೆಜ್ಜೆ ಹಿಂದೆ ನಿಂತಿದ್ದರು. ಕೈಯಲ್ಲಿ ಲಾಠಿ ಇತ್ತು.

ಪಂಪ್ ರೂಮಿನ ಕಬ್ಬಿಣದ ಬಾಗಿಲಿಗೆ ದೊಡ್ಡದೊಂದು ಹೊಸ ಬೀಗ ಬಿದ್ದಿತ್ತು. ಪಕ್ಕದ ಕಿಂಡಿಗೆ ಇಟ್ಟಿಗೆ ತುರುಕಿದ್ದರು. ಬಾಗಿಲ ಮುಂದೆ ಮೂರು ಪ್ಲಾಸ್ಟಿಕ್ ಕುರ್ಚಿ, ಒಂದು ಕಸದ ಡಬ್ಬಿ, ಯಾರದೋ ಮನೆಯ ಕೆಟ್ಟುಹೋದ ಟ್ರೆಡ್‌ಮಿಲ್ ಅಡ್ಡ ಇಟ್ಟಿದ್ದರು. ಹುಲಿ ಹೊರಗೆ ಬಂದರೆ ಟ್ರೆಡ್‌ಮಿಲ್ ನೋಡಿ ಬೇಜಾರಾಗಿ ಒಳಗೆ ಹೋಗಲಿ ಎಂದಿರಬೇಕು.

"ಕಾಕಾ, ಹುಲಿನ ನೀವು ನೋಡೀರೇನು?"

"ನಾ ಯಾಕ ನೋಡಬೇಕು? ಇಡೀ ಅಪಾರ್ಟ್‌ಮೆಂಟಿಗೆ ಗೊತ್ತೈತಿ."

ದಾನೇಶ್ವರಿಗೆ ಗೊತ್ತಿದ್ದದ್ದು ಬೇರೆ. ಆ ಕೋಣೆಯ ಮೂಲೆಯಲ್ಲಿ, ಹರಿದ ಗೋಣಿಚೀಲದ ಮೇಲೆ, ಮೂರು ಬೆಕ್ಕಿನ ಮರಿಗಳಿದ್ದವು. ಹುಟ್ಟಿ ಹತ್ತು ದಿನವಾಗಿತ್ತು ಅಷ್ಟೇ. ಅವುಗಳ ತಾಯಿ, ಬೂದಿ ಎಂಬ ಬೂದುಬಣ್ಣದ ಬೆಕ್ಕು, ಬೆಳಿಗ್ಗೆ ಹೊರಗೆ ಹೋಗಿದ್ದಾಗಲೇ ಕಿಂಡಿ ಮುಚ್ಚಿದ್ದರು. ಈಗ ಅದು ಕಾಂಪೌಂಡ್ ಗೋಡೆಯ ಮೇಲೆ ಕೂತು ಒಂದೇ ಸಮನೆ ಅರಚುತ್ತಿತ್ತು.

ಹೇಳಿಬಿಡಬಹುದಿತ್ತು. ಆದರೆ ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ದೊಡ್ಡ ಅಕ್ಷರದ ನೋಟಿಸ್ ಇತ್ತು. ಅಪಾರ್ಟ್‌ಮೆಂಟಿನೊಳಗೆ ನಾಯಿ ಬೆಕ್ಕುಗಳಿಗೆ ತಿನ್ನಲು ಹಾಕಿದವರ ಮೇಲೆ ಕಠಿಣ ಕ್ರಮ. ದಾನೇಶ್ವರಿ ದಿನಾ ತನ್ನ ಪಾಲಿನ ಹಾಲಿನಲ್ಲಿ ಅರ್ಧ ಬೂದಿಗೆ ಹಾಕುತ್ತಿದ್ದಳು. ಅವಳ ಅವ್ವ ಪಾರ್ವತೆಮ್ಮ ಇಲ್ಲಿ ಸಿ ಬ್ಲಾಕಿನ ಮೆಟ್ಟಿಲು, ತಿಂಗಳಿಗೊಮ್ಮೆ ಪಂಪ್ ರೂಮು ಗುಡಿಸುವವಳು. ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದು ಎರಡು ವರ್ಷ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತ ಮೇಲೆ ಸಿಕ್ಕ ಕೆಲಸ ಇದು. ಬೆಕ್ಕಿನ ಸುದ್ದಿ ಬಾಯಿಬಿಟ್ಟರೆ ಹಾಲಿನ ಸುದ್ದಿಯೂ ಹೊರಬೀಳುತ್ತದೆ, ಕಠಿಣ ಕ್ರಮ ಬಂದು ಅವ್ವನ ಮೇಲೆ ಕೂರುತ್ತದೆ.

ದಾನೇಶ್ವರಿ ಬ್ಯಾಡ್ಮಿಂಟನ್ ಕೋರ್ಟಿನತ್ತ ಓಡಿದಳು. ಅಲ್ಲಿ ಅಪೂರ್ವ ಕೂತಿದ್ದಳು. ಇಬ್ಬರೂ ಐದನೇ ಕ್ಲಾಸು. ಅಪೂರ್ವ ಹಳದಿ ಬಸ್ಸಿನ ಶಾಲೆಗೆ ಹೋಗುತ್ತಿದ್ದಳು, ದಾನೇಶ್ವರಿ ನಡೆದುಕೊಂಡು ಹೋಗುವ ಶಾಲೆಗೆ. ಸಂಜೆ ಕುಂಟಾಬಿಲ್ಲೆಗೆ ಮಾತ್ರ ಇಬ್ಬರದೂ ಒಂದೇ ಶಾಲೆ. ಅಪೂರ್ವಳ ಅಪ್ಪ ಪದ್ಮನಾಭ ಅಪಾರ್ಟ್‌ಮೆಂಟಿನ ಸೆಕ್ರೆಟರಿ. ಮೈಸೂರಿನವರು.

"ಅಪ್ಪನ ಫೋನ್ ತಂದಿದೀನಿ, ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪ್ ನೋಡು," ಎಂದಳು ಅಪೂರ್ವ.

ಬೆಳಿಗ್ಗೆ ಆರೂ ಮುಕ್ಕಾಲಿಗೆ ಪದ್ಮನಾಭ ಬರೆದಿದ್ದರು, "ಪಂಪ್ ರೂಮಿನಲ್ಲಿ ಹುಲಿ ಇದೆ. ಯಾರೂ ಗಾಬರಿಯಾಗಬೇಡಿ." ಅದನ್ನು ಓದಿ ಎಲ್ಲರೂ ಗಾಬರಿಯಾದರು. ಏಳು ಗಂಟೆಗೆ ಎ ಬ್ಲಾಕಿನವರು ಗರ್ಜನೆ ಕೇಳಿಸಿತು ಎಂದರು. ಬಿ ಬ್ಲಾಕಿನವರು ತಮಗೆ ಇನ್ನೂ ಜೋರಾಗಿ ಕೇಳಿಸಿತು ಎಂದರು. ಏಳೂವರೆಗೆ ಸಿ ಬ್ಲಾಕಿನ ಹೇಮಂತ ಅಂಕಲ್ ಬರೆದರು, "ನಮ್ಮ ಗಚ್ಚಿಬೌಲಿಗೆ ಹುಲಿ ಎಲ್ಲಿಂದ ಬರುತ್ತೆ? ಸ್ವಲ್ಪ ಯೋಚನೆ ಮಾಡಿ. ಅದು ಚಿರತೆ."

ಸದ್ಯ, ಯೋಚನೆ ಮಾಡುವವರು ಒಬ್ಬರಾದರೂ ಇದ್ದಾರಲ್ಲ ಎಂದು ಎಲ್ಲರಿಗೂ ಸಮಾಧಾನವಾಯಿತು. ಕೂಡಲೇ ಗ್ರೂಪಿನಲ್ಲಿ ವೋಟಿಂಗ್ ಇಟ್ಟರು. ಹುಲಿಯೋ, ಚಿರತೆಯೋ, ಎರಡೂ ಇವೆಯೋ?

"ಇದರಾಗ ಬೆಕ್ಕು ಅಂತ ಇಲ್ಲೇನು?" ಎಂದು ಕೇಳಿದಳು ದಾನೇಶ್ವರಿ.

"ಇಲ್ಲ. ಚಿರತೆಗೆ ಇನ್ನೂರ ಹದಿಮೂರು. ಎರಡೂ ಇವೆ ಅನ್ನೋದಕ್ಕೆ ಹನ್ನೊಂದು. ಹುಲಿಗೆ ಒಂದೇ ವೋಟು, ಅದು ನಮ್ಮಪ್ಪಂದು."

ಪಂಪ್ ರೂಮಿಗೆ ಬೀಗ ಬಿದ್ದ ಮೇಲೆ ಮೋಟಾರ್ ಹಾಕುವವರಿಲ್ಲ. ಒಂಬತ್ತಕ್ಕೆಲ್ಲ ಟ್ಯಾಂಕು ಖಾಲಿ. ಮೂರು ಬ್ಲಾಕಿನ ಜನ ಸೋಪು ಹಚ್ಚಿದ ಮುಖವನ್ನು ಕ್ಯಾನ್ ನೀರಿನಲ್ಲಿ ತೊಳೆದುಕೊಂಡು ಕ್ಲಬ್ ಹೌಸಿನಲ್ಲಿ ಮೀಟಿಂಗ್ ಸೇರಿದರು. ಹುಡುಗಿಯರಿಬ್ಬರೂ ಬಾಗಿಲಲ್ಲಿ ನಿಂತು ಕೇಳಿದರು.

ಹೇಮಂತ ಅಂಕಲ್ ಲ್ಯಾಪ್‌ಟಾಪ್ ತೆರೆದು ವಿವರಿಸುತ್ತಿದ್ದರು. "ಇನ್ನೂರ ಹದಿಮೂರು ಜನ. ಬೇರೆ ಬೇರೆ ಫ್ಲ್ಯಾಟು, ಬೇರೆ ಬೇರೆ ಆಫೀಸು. ಎಲ್ಲರೂ ಒಟ್ಟಿಗೆ ತಪ್ಪು ಮಾಡೋಕೆ ಎಷ್ಟು ಚಾನ್ಸ್ ಇದೆ ಅಂತ ಲೆಕ್ಕ ಹಾಕಿದೀನಿ. ಪಾಯಿಂಟ್ ಆದ್ಮೇಲೆ ಅರವತ್ತನಾಲ್ಕು ಸೊನ್ನೆ ಬರುತ್ತೆ."

ಅಷ್ಟೊಂದು ಸೊನ್ನೆ ಕೇಳಿ ಜನ ಚಪ್ಪಾಳೆ ತಟ್ಟಿದರು. ಅರಣ್ಯ ಇಲಾಖೆಯವರು ನಾಳೆ ಬೆಳಿಗ್ಗೆ ಬರುತ್ತಾರೆ, ಅಲ್ಲಿಯವರೆಗೆ ಬಾಗಿಲು ತೆರೆಯಬಾರದು ಎಂದು ತೀರ್ಮಾನವಾಯಿತು.

ನಾಳೆ ಎಂಬ ಮಾತು ಕೇಳಿದ್ದೇ ದಾನೇಶ್ವರಿ ಬಾಗಿಲು ಬಿಟ್ಟು ಪಂಪ್ ರೂಮಿನತ್ತ ಹೊರಟಳು. ಹತ್ತು ದಿನದ ಮರಿಗಳು ನಾಳೆಯವರೆಗೆ ಹಾಲಿಲ್ಲದೆ ಉಳಿಯುತ್ತವೆಯೇ? ಅವಳು ಹೋಗಿ ಕಿಂಡಿಯ ಇಟ್ಟಿಗೆಗೆ ಕಿವಿ ಇಟ್ಟಳು. ಒಳಗೆಲ್ಲೋ 'ಗೊರ್' ಎಂದಂತಾಯಿತು. ಪೈಪಿನ ಸದ್ದೋ, ಚಿರತೆಯದೋ ಗೊತ್ತಾಗಲಿಲ್ಲ. ಇಷ್ಟು ಮಂದಿ ಓದಿದವರು ಹೇಳುತ್ತಿದ್ದಾರೆ. ಬೆಳಿಗ್ಗೆ ನಿಜವಾಗಿಯೂ ಚಿರತೆ ನುಗ್ಗಿ ಮರಿಗಳನ್ನು ತಿಂದಿರಬಹುದೇ? ಮೊದಲ ಸಲ ಅವಳಿಗೆ ತನ್ನ ಕಣ್ಣಿನ ಮೇಲೇ ಅನುಮಾನ ಬಂತು, ಅಳುವೂ ಬಂತು.

ಮನೆಯಲ್ಲಿ ಏನಾದರೂ ಕಳೆದುಹೋದಾಗ ಅವ್ವ ಹುಡುಕುವುದಕ್ಕೆ ಒಂದು ಕ್ರಮವಿತ್ತು. ಯಾರ ಕೈಯಿಂದ ಯಾರ ಕೈಗೆ ಹೋಯಿತು, ಹಿಂದಕ್ಕೆ ಹೇಳುತ್ತ ಬಾ ಎನ್ನುತ್ತಿದ್ದಳು. ಹಾಗೆ ಕೇಳುತ್ತ ಹೋದರೆ ಬಾಚಣಿಕೆಯೂ ಸಿಗುತ್ತಿತ್ತು, ಕದ್ದವರೂ ಸಿಗುತ್ತಿದ್ದರು.

"ಅಪೂರ್ವ, ಚಾಕ್‌ಪೀಸ್ ಐತೇನು?" ಎಂದು ಕೇಳಿದಳು ಕಣ್ಣೊರೆಸಿಕೊಂಡು.

ಇಬ್ಬರೂ ಮನೆಮನೆಯ ಬೆಲ್ ಒತ್ತಿದರು. ಸ್ಕೂಲ್ ಪ್ರಾಜೆಕ್ಟ್ ಎಂದಳು ಅಪೂರ್ವ. ಹೈದರಾಬಾದಿನಲ್ಲಿ ಆ ಮಾತಿಗೆ ತೆರೆಯದ ಬಾಗಿಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ, ಚಿರತೆ ಬಂದಿದೆಯೆಂದು ನಿಮಗೆ ಯಾರು ಹೇಳಿದರು?

ನೋಡಿದೆ ಎಂದವರು ಒಬ್ಬರೂ ಇಲ್ಲ. ಎ ಬ್ಲಾಕಿನವರಿಗೆ ಬಿ ಬ್ಲಾಕಿನವರು ಹೇಳಿದ್ದರು. ಬಿ ಬ್ಲಾಕಿನವರು ಗ್ರೂಪಿನಲ್ಲಿ ಓದಿದ್ದರು. ಗರ್ಜನೆ ಕೇಳಿದವರೂ ಗ್ರೂಪ್ ಓದಿದ ಮೇಲೆಯೇ ಕೇಳಿದ್ದರು. ಹೇಮಂತ ಅಂಕಲ್ ಮಾತ್ರ ತಾನು ಯಾರಿಂದಲೂ ಕೇಳಿಲ್ಲ, ಸ್ವಂತ ಬುದ್ಧಿಯಿಂದ ಕಂಡುಹಿಡಿದೆ ಎಂದರು.

"ಯಾವುದರಿಂದ ಕಂಡುಹಿಡಿದ್ರಿ ಅಂಕಲ್?"

"ಪದ್ಮನಾಭ್ ಹಾಕಿದ ಮೆಸೇಜಿಂದ."

ಬ್ಯಾಡ್ಮಿಂಟನ್ ಕೋರ್ಟಿನ ತುಂಬ ಸೊನ್ನೆಗಳು ಬಿದ್ದವು. ಒಬ್ಬೊಬ್ಬರಿಗೆ ಒಂದು ಸೊನ್ನೆ, ಹೇಳಿದವರಿಂದ ಕೇಳಿದವರಿಗೆ ಒಂದು ಬಾಣ. ಕೊನೆಗೆ ಉಳಿದದ್ದು ವೀರಭದ್ರಪ್ಪ ಕಾಕಾ.

"ನನಗ ವಾಕಿಟಾಕಿಯಾಗ ಸಾಯಿಕುಮಾರ ಹೇಳಿದ," ಎಂದರು ಅವರು. "ತೆಲುಗಿನ್ಯಾಗ 'ಪುಲಿ' ಅಂದ. ಖರ್ ಖರ್ ಅಂತಿತ್ತು, ಆದರೂ ನಾ ಬಿಡಲಿಲ್ಲ. ಪುಲಿ ಅಂದ್ರ ನಮ್ಮ ಕಡೆ ಹುಲಿ. ಸೆಕ್ರೆಟರಿ ಸಾಹೇಬ್ರಿಗೆ ಹಂಗ ತಿಳಿಸಿದೆ."

ಸಾಯಿಕುಮಾರ ಹಿಂದಿನ ಗೇಟಿನ ವಾಚ್‌ಮನ್. ಅವರು ಗೇಟಿಗೆ ಒಳಗಿನಿಂದ ಚಿಲಕ ಹಾಕಿಕೊಂಡು, ಸ್ಟೂಲಿನ ಮೇಲೆ ಕಾಲು ಎತ್ತಿ ಕೂತಿದ್ದರು.

"ಅಣ್ಣಾ, ಬೆಳಿಗ್ಗೆ ನೀವು ನೋಡಿದ್ದು ಏನ್ರಿ?"

"ನೇನು ಚೂಸಿಂದಿ ಪಿಲ್ಲಿನೇ ಪಾಪಾ," ಎಂದರು ಸಾಯಿಕುಮಾರ. ಆಮೇಲೆ ವೀರಭದ್ರಪ್ಪನಿಂದ ಕಲಿತ ಕನ್ನಡದಲ್ಲಿ ಹೇಳಿದರು, "ಪಿಲ್ಲಿ ಅಂದ್ರ ನಿಮ್ಮ ಭಾಷೆಯಾಗ ಬೆಕ್ಕು. ಬೂದು ಬಣ್ಣದ್ದು. ಪಂಪ್ ರೂಮಿನ್ಯಾಗ ಹೊಕ್ಕಿತ್ತು, ವೈರ್ ಕಡಿದೀತು ಅಂತ ವಾಕಿಟಾಕಿಯಾಗ ಹೇಳಿದೆ."

"ಮತ್ತ ಚಿರತೆ?"

ಸಾಯಿಕುಮಾರ ದನಿ ತಗ್ಗಿಸಿದರು. "ಅದು ಬ್ಯಾರೆ. ಅದು ಬಂದಿದ್ದು ನನಗ ಗೊತ್ತೇ ಆಗಲಿಲ್ಲ. ಎಲ್ಲಾರೂ ಹೇಳಿದ ಮ್ಯಾಲೆ ಗೊತ್ತಾತು. ದೇವರು ದೊಡ್ಡಾಂವ, ನಾ ಬರೀ ಬೆಕ್ಕು ನೋಡಿ ಬಚಾವಾದೆ."

ಹುಡುಗಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಪಿಲ್ಲಿ ಎಂದರೆ ತೆಲುಗಿನಲ್ಲಿ ಬೆಕ್ಕು. ಪುಲಿ ಎಂದರೆ ಹುಲಿ. ನಡುವೆ ಇದ್ದದ್ದು ಒಂದು ಖರ್ ಖರ್.

ಅಪೂರ್ವ ಅಪ್ಪನನ್ನು ಕೈಹಿಡಿದು ಎಳೆದುಕೊಂಡು ಬಂದಳು. ಪದ್ಮನಾಭ ಇನ್ನೂ ರಾತ್ರಿಯ ಪೈಜಾಮದಲ್ಲೇ ಇದ್ದರು. ಸ್ನಾನವಾಗಿರಲಿಲ್ಲ. ಕೋರ್ಟಿನ ಸೊನ್ನೆಗಳನ್ನು ಸುತ್ತು ಹಾಕಿ ನೋಡಿದರು.

"ಎಲ್ಲಾ ಬಾಣಗಳೂ ಈ ದಪ್ಪ ಸೊನ್ನೆಯಿಂದಲೇ ಹೊರಟಿವೆಯಲ್ಲ. ಇದು ಯಾರಮ್ಮ, ಕನ್ನಡಕ ಬೇರೆ ಹಾಕಿದೀರ?"

"ನೀನೇ ಅಪ್ಪ."

ಪದ್ಮನಾಭ ಕನ್ನಡಕ ತೆಗೆದು ಒರೆಸಿಕೊಂಡರು. ದಪ್ಪ ಸೊನ್ನೆಯಿಂದ ಹೊರಟ ಬಾಣಗಳು ಲೆಕ್ಕವಿಲ್ಲದಷ್ಟಿದ್ದವು. ಅದರೊಳಗೆ ಬಂದದ್ದು ಒಂದೇ ಒಂದು. ಆ ಒಂದನ್ನು ಹಿಡಿದು ಹಿಂದಕ್ಕೆ ಹೋದರೆ ವೀರಭದ್ರಪ್ಪನ ಸೊನ್ನೆ, ಅದರ ಹಿಂದೆ ಸಾಯಿಕುಮಾರನ ಸೊನ್ನೆ, ಅದರ ಪಕ್ಕದಲ್ಲಿ ಅಪೂರ್ವ ಬಿಡಿಸಿದ ಮೀಸೆಯ ಬೆಕ್ಕು.

"ಹಾಗಾದ್ರೆ ಒಳಗಿರೋದು ಬೆಕ್ಕು ಅಂತ ಏನು ಗ್ಯಾರಂಟಿ?" ಎಂದರು ಅವರು ಸಣ್ಣ ದನಿಯಲ್ಲಿ.

ದಾನೇಶ್ವರಿ ಒಂದು ಹೆಜ್ಜೆ ಮುಂದೆ ಬಂದಳು. ನೋಟಿಸು ಕಣ್ಣ ಮುಂದೆ ಬಂತು. ಅವ್ವನ ಕಸಬರಿಗೆಯೂ ಬಂತು. ಗೋಡೆಯ ಮೇಲೆ ಬೂದಿಯ ದನಿ ಈಗ ಒಡೆದುಹೋಗಿತ್ತು.

"ಮೂರು ಮರಿ ಅದಾವ್ರಿ ಸರ್. ದಿನಾ ಬೂದಿಗೆ ಹಾಲು ಹಾಕಾಕಿ ನಾನ. ನಮ್ಮವ್ವಗ ಗೊತ್ತಿಲ್ರಿ. ಅಕೀನ ಏನೂ ಅನಬ್ಯಾಡ್ರಿ."

ಪದ್ಮನಾಭ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಜೇಬಿನಿಂದ ಬೀಗದಕೈ ತೆಗೆದರು. ಪಂಪ್ ರೂಮಿನ ಹತ್ತಿರ ಹೋದಂತೆ ಅವರ ನಡಿಗೆ ನಿಧಾನವಾಯಿತು, ಬಾಗಿಲ ಮುಂದೆ ನಿಂತೇಬಿಟ್ಟಿತು. ದಾನೇಶ್ವರಿಯೇ ಅವರ ಕೈಯಿಂದ ಬೀಗದಕೈ ಇಸಿದುಕೊಂಡು, ಟ್ರೆಡ್‌ಮಿಲ್ ಹತ್ತಿ ಇಳಿದು ಬಾಗಿಲು ತೆರೆದಳು. ಅವಳ ಕಾಲ ಸಂದಿಯಿಂದ ಬೂದಿ ಒಳಗೆ ನುಗ್ಗಿತು.

ಗೋಣಿಚೀಲದ ಮೇಲೆ ಮೂರು ಮರಿಗಳು ಒಂದರ ಮೇಲೊಂದು ಬಿದ್ದಿದ್ದವು. ಒಂದು ಅಲ್ಲಾಡಿತು. ಎರಡನೆಯದೂ ಅಲ್ಲಾಡಿತು. ಮೂರನೆಯದನ್ನು ಬೂದಿ ನೆಕ್ಕಿತು, ಮತ್ತೆ ನೆಕ್ಕಿತು. ಅದೂ ಬಾಯಿ ತೆರೆದಾಗ ದಾನೇಶ್ವರಿ ನೆಲದ ಮೇಲೆ ಕೂತು ಜೋರಾಗಿ ಅತ್ತುಬಿಟ್ಟಳು.

ಸಂಜೆಗೆ ನಲ್ಲಿಯಲ್ಲಿ ನೀರು ಬಂತು. ಗ್ರೂಪಿನಲ್ಲಿ ಹೇಮಂತ ಅಂಕಲ್ ಬರೆದರು, "ಚಿರತೆ ಹೊರಟುಹೋಗಿದೆ. ಬೆಕ್ಕು ಆಮೇಲೆ ಬಂದಿದ್ದು." ಅದಕ್ಕೆ ನೂರ ತೊಂಬತ್ತು ಜನ ಹೆಬ್ಬೆರಳು ಎತ್ತಿದರು.

ಮರುದಿನ ಬೆಳಿಗ್ಗೆ ದಾನೇಶ್ವರಿ ಎದ್ದಾಗ ಅವ್ವ ಕೆಲಸಕ್ಕೆ ಹೋಗದೆ ಕಾಂಪೌಂಡಿನ ಮೂಲೆಯ ತಗಡಿನ ಮನೆಯ ಹೊಸ್ತಿಲಲ್ಲಿ ಕೂತಿದ್ದಳು. ಸುತ್ತ ನಾಲ್ಕೈದು ಹೆಂಗಸರು ನಿಂತು ಲೊಚಗುಟ್ಟುತ್ತಿದ್ದರು.

"ಇವತ್ತಿಂದ ಗುಡಿಸೋದು ಬ್ಯಾಡ ಅಂದಾರಂತ ನನಗ," ಎಂದಳು ಪಾರ್ವತೆಮ್ಮ. "ನಿನ್ನ ಹಾಲಿನ ಉಪಕಾರ. ಎಲ್ಲಾರೂ ಅದನ್ನ ಅನ್ನಾಕತ್ತಾರ."

ದಾನೇಶ್ವರಿ ಹೊಸ್ತಿಲಿಗೆ ಬಂದು ಅವ್ವನ ಮುಂದೆ ಕುಕ್ಕರಿಸಿದಳು.

"ನಿನಗ ಯಾರು ಹೇಳಿದ್ರಬೇ?"

"ಇವರೆಲ್ಲಾರೂ."

"ಇವರಿಗೆ ಯಾರು ಹೇಳಿದ್ರು?"

ಹೆಂಗಸರು ಒಬ್ಬರನ್ನೊಬ್ಬರು ತೋರಿಸಿದರು. ಕೊನೆಯವಳು ವೀರಭದ್ರಪ್ಪನ ಹೆಸರು ಹೇಳಿದಳು. ವೀರಭದ್ರಪ್ಪಗೆ ವಾಕಿಟಾಕಿಯಲ್ಲಿ ಬಂದಿತ್ತಂತೆ.

ದಾನೇಶ್ವರಿ ವೀರಭದ್ರಪ್ಪನನ್ನು ಕೇಳಲಿಲ್ಲ. ಲಿಫ್ಟಿಗೂ ಕಾಯದೆ ಏಳು ಮಹಡಿ ಹತ್ತಿ ಬೆಲ್ ಒತ್ತಿದಳು. ಪದ್ಮನಾಭ ತಲೆ ಒರೆಸಿಕೊಳ್ಳುತ್ತ ಬಾಗಿಲು ತೆರೆದರು.

"ಸರ್, ನಮ್ಮವ್ವಗ ಕೆಲಸ ಬ್ಯಾಡ ಅಂದೀರೇನ್ರಿ?"

"ಯಾರಮ್ಮ ಹೇಳಿದ್ದು? ಮರಿ ದೊಡ್ಡವಾಗೋ ತನಕ ಪಂಪ್ ರೂಮ್ ಗುಡಿಸೋದು ಬೇಡ, ತಾಯಿ ಬೆಕ್ಕು ಹೆದರುತ್ತೆ ಅಂದೆ. ಅಷ್ಟೇ." ತಲೆ ಒರೆಸುವುದನ್ನು ನಿಲ್ಲಿಸಿದರು. "ವಾಕಿಟಾಕಿಲಿ ಅಂದೆ," ಎಂದು ಮೆಲ್ಲಗೆ ಸೇರಿಸಿದರು.

ದಾನೇಶ್ವರಿ ಒಂದೇ ಉಸಿರಿಗೆ ಕೆಳಗಿಳಿದಳು. ಕೊನೆಯ ಮೆಟ್ಟಿಲಿನಿಂದಲೇ ಹೆಂಗಸರ ಗುಂಪು ಕಾಣಿಸಿತು. ಅಲ್ಲಿಂದಲೇ ಕೂಗಿ ಹೇಳೋಣವೆಂದು ಬಾಯಿ ತೆರೆದಳು. ತೆರೆದ ಬಾಯಿಯನ್ನು ಮತ್ತೆ ಮುಚ್ಚಿಕೊಂಡಳು.

"ಏನಂತ ದಾನಿ? ಸಾಹೇಬ್ರು ಏನಂದ್ರು?" ಎಂದು ದಾರಿಯಲ್ಲೇ ಇಬ್ಬರು ಕೇಳಿದರು.

ಅವಳು ಅವರನ್ನು ದಾಟಿಕೊಂಡು ಹೊಸ್ತಿಲವರೆಗೂ ಹೋದಳು. ಅವ್ವನ ಕೆದರಿದ ಕೂದಲನ್ನು ಒಂದು ಕೈಯಲ್ಲಿ ಹಿಂದಕ್ಕೆ ಸರಿಸಿ, ಅವಳ ಕಿವಿಗೆ ಬಾಯಿ ಇಟ್ಟಳು.